ಮನೆಯವರ ಕ್ಯಾಲೊರಿ ಲೆಕ್ಕ: ದಿನಸಿ ಡಬ್ಬಿಯಿಂದ ಶುರು ಮಾಡಿ

ನಿನ್ನೆ ಏನೇನು ತಿಂದಿರಿ ಎಂದು ಕೇಳಿದರೆ ಪೂರ್ತಿ ಹೇಳುವವರು ಕಡಿಮೆ. ಅಕ್ಕಿ ರೊಟ್ಟಿಗೆ ಸವರಿದ ತುಪ್ಪ, ಕಾಫಿಗೆ ಹಾಕಿದ ಸಕ್ಕರೆ ಯಾರಿಗೆ ನೆನಪಿರುತ್ತದೆ? ಅದಕ್ಕೇ ಬಾಯಿಮಾತಿನ ಲೆಕ್ಕ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಬರುತ್ತದೆ. ತಿಂಗಳುಗಟ್ಟಲೆ ಲೆಕ್ಕ ಬೇಕಿದ್ದರೆ ದಿನಸಿ ಡಬ್ಬಿಯನ್ನು ನಂಬಿ.

ತಿಂಗಳ ಮೊದಲ ದಿನ ಅಕ್ಕಿ, ರಾಗಿ, ಬೇಳೆ, ಎಣ್ಣೆ, ಸಕ್ಕರೆ, ಬೆಲ್ಲ ತೂಗಿ ಬರೆದಿಡಿ. ಆಮೇಲೆ ಮನೆಗೆ ಬಂದದ್ದನ್ನೆಲ್ಲ ಸೇರಿಸುತ್ತಾ ಹೋಗಿ. ರೇಷನ್ ಅಕ್ಕಿ, ತೋಟದ ತೆಂಗಿನಕಾಯಿ, ಮನೆ ಹಸುವಿನ ಹಾಲು ಮರೆಯಬೇಡಿ. ದುಡ್ಡು ಕೊಡದೆ ಬಂದದ್ದೇ ಪಟ್ಟಿಯಿಂದ ಜಾಸ್ತಿ ತಪ್ಪಿಹೋಗುವುದು. ತಿಂಗಳ ಕೊನೆಗೆ ಉಳಿದದ್ದನ್ನು ಕಳೆಯಿರಿ. ಕಲಗಚ್ಚಿಗೆ ಹೋದ ಅನ್ನ, ಮುದ್ದೆಯನ್ನೂ ಕಳೆಯಬೇಕು. ಅನ್ನದ ತೂಕದಲ್ಲಿ ಅಕ್ಕಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಉಳಿದದ್ದು ನೀರು.

ಇನ್ನು ಗುಣಾಕಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನಮ್ಮ ಧಾನ್ಯ, ಸೊಪ್ಪು, ತರಕಾರಿಗಳ ವಿವರ ಇದೆ. ಮನೆ ಲೆಕ್ಕಕ್ಕೆ ದುಂಡು ಸಂಖ್ಯೆ ಸಾಕು: ಕಿಲೋ ಅಕ್ಕಿಗೆ ಸುಮಾರು 3,500 ಕ್ಯಾಲೊರಿ, ರಾಗಿಗೆ 3,200, ತೊಗರಿಬೇಳೆಗೆ 3,300, ಸಕ್ಕರೆಗೆ 4,000. ಹಸುವಿನ ಹಾಲು ಲೀಟರಿಗೆ 700. ಎಣ್ಣೆ ಲೀಟರಿಗೆ 8,200! ನಾಲ್ಕು ಜನ ತಿಂಗಳಿಗೆ 3 ಲೀಟರ್ ಮುಗಿಸಿದರೆ, ತಲೆಗೆ ದಿನಕ್ಕೆ 205 ಕ್ಯಾಲೊರಿ ಎಣ್ಣೆಯಿಂದಲೇ ಬಂತು. ಸೊಪ್ಪಿನ ತೂಕ ಚೂರು ತಪ್ಪಿದರೆ ತೊಂದರೆ ಇಲ್ಲ, ಎಣ್ಣೆಯ ತೂಕ ಮಾತ್ರ ತಪ್ಪಬಾರದು.

ಒಟ್ಟನ್ನು ಸುಮ್ನೆ ತಲೆ ಎಣಿಸಿ ಭಾಗಿಸಬೇಡಿ, ಊಟ ಎಣಿಸಿ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಹಾಸನದ ಮನೆಗೆ ನೆಂಟರು ಬರುತ್ತಾರೆ, ಅವರು ಉಂಡದ್ದೂ ಇದೇ ಡಬ್ಬಿಯಿಂದ ಅಲ್ವಾ? ಹಾಗೆಯೇ ಮನೆಯವರು ಹೋಟೆಲಲ್ಲಿ ತಿಂದದ್ದನ್ನು ಬೇರೆ ಬರೆಯಿರಿ. ಎಲ್ಲರ ಪಾಲೂ ಒಂದೇ ಅಲ್ಲ. ಕೂತು ಕೆಲಸ ಮಾಡುವ ಗಂಡಸಿಗೆ 1 ಎಂದಿಟ್ಟರೆ, ಅಂಥದ್ದೇ ಕೆಲಸದ ಹೆಂಗಸಿಗೆ 0.8 ಎಂದು ಹಿಡಿಯುವುದು ವಾಡಿಕೆ.

ಒಂದು ತಿಂಗಳ ಲೆಕ್ಕದಿಂದ ವರ್ಷ ಅಳೆಯಲಾಗದು. ಮೂಡಿಗೆರೆಯ ಮಳೆಗಾಲದಲ್ಲಿ ಕರಿದ ತಿಂಡಿ ಜಾಸ್ತಿ, ಕಾಫಿ ಕೊಯ್ಲಿನಲ್ಲಿ ಮೈಮುರಿ ಕೆಲಸ ಜಾಸ್ತಿ. ಮಳೆ, ಕೊಯ್ಲು, ಬೇಸಿಗೆ, ಮೂರೂ ಕಾಲದ ಒಂದೊಂದು ತಿಂಗಳಾದರೂ ಬೇಕು. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಬರೆದದ್ದು ದಿನ ಕಳೆದಂತೆ ಸರಿಹೋಗುತ್ತದೆ. ಆದರೆ ತುಪ್ಪವನ್ನು ದಿನಾ ಬಿಟ್ಟರೆ, ವರ್ಷ ಬರೆದರೂ ಆ ತಪ್ಪು ಹಾಗೇ ಉಳಿಯುತ್ತದೆ.

ಇಂಥ ತಪ್ಪು ಹಿಡಿಯಲು ಮೈತೂಕ ನೋಡಿ. ವಾರಕ್ಕೊಮ್ಮೆ, ಬೆಳಗ್ಗೆ ಎದ್ದು ತಿಂಡಿಗೆ ಮೊದಲು. ಮೈಯಲ್ಲಿ 1 ಕಿಲೋ ಕೊಬ್ಬು ಸೇರಿತೆಂದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ಉಳಿದಿದೆ ಎಂದರ್ಥ. ಅದನ್ನು ಮೂರು ತಿಂಗಳಿಗೆ ಹಂಚಿದರೆ ದಿನಕ್ಕೆ 85. ಹಾಲು, ಎರಡು ಚಮಚ ಸಕ್ಕರೆ ಹಾಕಿದ ಒಂದು ಲೋಟ ಕಾಫಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಡಬ್ಬಿ ಲೆಕ್ಕ ಮೊದಲಿನಷ್ಟೇ ಇದ್ದು ತೂಕ ಏರುತ್ತಿದ್ದರೆ, ಮೊದಲು ಹೊರಗಿನ ಕಾಫಿ ಮತ್ತು ಬೇಕರಿ ತಿಂಡಿ ಪಟ್ಟಿಯಲ್ಲಿ ಇದೆಯಾ ನೋಡಿ. ಅಲ್ಲೂ ಸರಿ ಇದ್ದರೆ, ಓಡಾಟ ಕಡಿಮೆಯಾಗಿದೆಯಾ ಎಂದು ವಿಚಾರಿಸಿ.