ಬೀಫ್ ಪ್ಲಾಂಟಿನಲ್ಲಿ ಬ್ಯಾಕ್ಟೀರಿಯಾ ಇಳಿಸಿದ್ದು: ಆಸಿಡ್‌ಗಿಂತ ಮೊದಲು ಚಾಕು

ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಲ್ಯಾಕ್ಟಿಕ್ ಆಸಿಡ್ ಎಷ್ಟು ಪರ್ಸೆಂಟ್ ಇಟ್ಟಿದ್ದೀರಿ? ಹೇಳುತ್ತೇನೆ, ಆದರೆ ಈಗಲೇ ಅಲ್ಲ. ಬ್ಯಾಕ್ಟೀರಿಯಾ ಕೊಲ್ಲಲು ಮಾಂಸದ ಮೇಲೆ ಸಿಂಪಡಿಸುವ ಈ ಆಸಿಡ್ ಬರುವುದು ಲೈನಿನ, ಅಂದರೆ ದನವನ್ನು ಸುಲಿದು ಕತ್ತರಿಸುತ್ತಾ ಸಾಗಿಸುವ ಸಾಲಿನ, ಕೊನೆಯಲ್ಲಿ. ಗಲೀಜು ಅಂಟುವುದು ಶುರುವಿನಲ್ಲೇ.

ನಾನು ಹೆಬ್ಬಾಳದಲ್ಲಿ ವೆಟರ್ನರಿ ಓದಿ, ಆಮೇಲೆ ಅಮೆರಿಕಕ್ಕೆ ಬಂದು ಮಾಂಸ ಸುರಕ್ಷತೆಯ ಕಡೆ ಹೋದವನು. ಈಗ ನೆಬ್ರಾಸ್ಕಾದ ಒಂದು ಬೀಫ್ ಪ್ಲಾಂಟಿನಲ್ಲಿ, ಅಂದರೆ ದನದ ಮಾಂಸದ ಕಾರ್ಖಾನೆಯಲ್ಲಿ, ಆ ವಿಭಾಗ ನೋಡಿಕೊಳ್ಳುತ್ತೇನೆ. ಊರಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ "ಫುಡ್ ಸೇಫ್ಟಿ" ಅಂದು ಸುಮ್ನಾಗುತ್ತೇನೆ, ಅದು ಬೇರೆ ಕಥೆ.

ನಮಗೆ ಇರುವ ದೊಡ್ಡ ಶತ್ರು ಇ. ಕೋಲಿ ಒ157:ಎಚ್7 ಅನ್ನುವ ಬ್ಯಾಕ್ಟೀರಿಯಾ. ಇದು ದನದ ಕರುಳಲ್ಲಿ ಆರಾಮಾಗಿ ಇರುತ್ತದೆ, ದನಕ್ಕೆ ಏನೂ ಆಗುವುದಿಲ್ಲ, ಆದ್ದರಿಂದ ಹೊರಗಿನಿಂದ ನೋಡಿ ಗುರುತಿಸಲು ಸಾಧ್ಯವೇ ಇಲ್ಲ. ಮನುಷ್ಯರಿಗಾದರೆ ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಸಾಕು, ರಕ್ತಭೇದಿ ಶುರುವಾಗಬಹುದು. ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಕಿಡ್ನಿಯೇ ಕೆಡುತ್ತದೆ. 1993ರಲ್ಲಿ ಇಲ್ಲಿ ಜಾಕ್ ಇನ್ ದ ಬಾಕ್ಸ್ ಹೋಟೆಲುಗಳಲ್ಲಿ ಸರಿಯಾಗಿ ಬೇಯದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 4 ಮಕ್ಕಳು ತೀರಿಕೊಂಡರು. ಮುಂದಿನ ವರ್ಷವೇ ಕೀಮಾದಲ್ಲಿ ಒ157 ಸಿಕ್ಕರೆ ಅದು ಕಲಬೆರಕೆ ಮಾಲು, ಮಾರುವಂತಿಲ್ಲ ಅಂತ ಕೃಷಿ ಇಲಾಖೆ ಹೇಳಿತು. 1996ರಲ್ಲಿ ಹ್ಯಾಸಪ್ ನಿಯಮ ಬಂತು, ಅಂದರೆ ಅಪಾಯ ಎಲ್ಲೆಲ್ಲಿ ಬರಬಹುದು ಅಂತ ಮೊದಲೇ ಗುರುತಿಸಿ ಅಲ್ಲೇ ತಡೆಯುವುದು. 2012ರಲ್ಲಿ ಅದೇ ಜಾತಿಯ ಇನ್ನೂ ಆರು ಇ. ಕೋಲಿ ಪಟ್ಟಿಗೆ ಸೇರಿದವು. ನಾನು ಈಗ ಮಾಡುವ ಕೆಲಸ ಹುಟ್ಟಿದ್ದೇ ಈ ನಿಯಮಗಳಿಂದ ಅಂದರೂ ತಪ್ಪಲ್ಲ.

ಆರೋಗ್ಯವಾಗಿರುವ ದನದ ಮಾಂಸದ ಒಳಗೆ ಬ್ಯಾಕ್ಟೀರಿಯಾ ಇರುವುದಿಲ್ಲ ಅಂತಲೇ ಹೇಳಬಹುದು. ಎಲ್ಲಾ ಬರುವುದು ಮೇಲ್ಮೈಗೆ, ಅದೂ ಚರ್ಮದಿಂದ ಅಥವಾ ಕರುಳಿನಿಂದ. ದೊಡ್ಡ ತುಂಡಾದರೆ ಹೊರಗಡೆ ಚೆನ್ನಾಗಿ ಬಿಸಿ ತಾಗಿದರೆ ಆಯಿತು. ಕೀಮಾ ಮಾಡಿದಾಗ ಹೊರಗಿದ್ದದ್ದು ಒಳಗೆ ಹೋಗುತ್ತದೆ, ಒಂದು ದನದ್ದು ಹತ್ತು ದನದ ಮಾಂಸಕ್ಕೆ ಬೆರೆಯುತ್ತದೆ. ತೊಂದರೆ ಅಲ್ಲಿದೆ.

ನಾನು ಸೇರಿದಾಗ ನಮ್ಮ ಪ್ಲಾಂಟಿನಲ್ಲಿ ಬೇಸಿಗೆ ಬಂತೆಂದರೆ ಟ್ರಿಮ್‌ನಲ್ಲಿ ಒ157 ಪಾಸಿಟಿವ್ ಜಾಸ್ತಿ ಆಗುತ್ತಿದ್ದವು. ಟ್ರಿಮ್ ಅಂದರೆ ದೊಡ್ಡ ತುಂಡು ಕತ್ತರಿಸಿದ ಮೇಲೆ ಉಳಿಯುವ ಚೂರು, ಕೀಮಾಕ್ಕೆ ಹೋಗುವುದು ಅದೇ. ದನದ ಸಗಣಿಯಲ್ಲಿ ಒ157 ಬೇಸಿಗೆಯಲ್ಲಿ ಹೆಚ್ಚುತ್ತದೆ ಅನ್ನುವುದು ಗೊತ್ತಿರುವ ವಿಷಯ, ಆದ್ದರಿಂದ ಎಲ್ಲರೂ "ಕಾಲ ಹಾಗಿದೆ" ಅಂತ ಆಸಿಡ್ ಸ್ವಲ್ಪ ಏರಿಸಿ ಸೆಪ್ಟೆಂಬರ್‌ಗೆ ಕಾಯುತ್ತಿದ್ದರು.

ನಾನು ಮಾಡಿದ ಮೊದಲ ಕೆಲಸ ಲೈನ್ ಉದ್ದಕ್ಕೂ ಸ್ವಾಬ್ ತೆಗೆದದ್ದು. ನಮ್ಮಲ್ಲಿ ಇದಕ್ಕೆ ಬಯೋಮ್ಯಾಪಿಂಗ್ ಅಂತಾರೆ. ಚರ್ಮ ಸುಲಿದ ತಕ್ಷಣ ಒಮ್ಮೆ, ಕರುಳು ತೆಗೆದ ಮೇಲೆ, ಬಿಸಿನೀರು ಬಿದ್ದ ಮೇಲೆ, ಆಸಿಡ್ ಆದ ಮೇಲೆ, ಮರುದಿನ ಚಿಲ್ಲರ್ ಅನ್ನುವ ತಣ್ಣನೆ ಕೋಣೆಯಲ್ಲಿ ಒಮ್ಮೆ. ತೊಡೆಯ ಹಿಂಭಾಗ, ಪಕ್ಕೆಯ ಕೆಳಗಿನ ಮಡಿಕೆ, ಎದೆ, ಈ ಮೂರು ಕಡೆ ತಲಾ 100 ಚದರ ಸೆಂಟಿಮೀಟರ್ ಜಾಗವನ್ನು ಒದ್ದೆ ಸ್ಪಂಜಿನಿಂದ ಒರೆಸಿ ಲ್ಯಾಬಿಗೆ ಕಳಿಸುವುದು. ಹುಡುಕಿದ್ದು ಒ157 ಅಲ್ಲ. ಅದು ಕಾರ್ಕಸ್ (ಸುಲಿದ ಇಡೀ ದನದ ದೇಹ) ಮೇಲೆ ಎಷ್ಟು ಅಪರೂಪಕ್ಕೆ ಸಿಗುತ್ತದೆ ಅಂದರೆ, ಅದನ್ನೇ ಎಣಿಸುತ್ತಾ ಕೂತರೆ ನಿಮ್ಮ ಕೆಲಸ ಸುಧಾರಿಸಿತೋ ಇಲ್ಲವೋ ವರ್ಷ ಕಳೆದರೂ ಗೊತ್ತಾಗುವುದಿಲ್ಲ. ಒಟ್ಟು ಬ್ಯಾಕ್ಟೀರಿಯಾ ಮತ್ತು ಸಾಮಾನ್ಯ ಇ. ಕೋಲಿ, ಇವೆರಡನ್ನು ಎಣಿಸಿದೆವು. ಸಗಣಿ ಎಲ್ಲಿ ತಾಗಿದೆ ಅಂತ ತಿಳಿಯಲು ಅಷ್ಟು ಸಾಕು.

ಫಲಿತಾಂಶ ನೋಡಿದರೆ ಬಿಸಿನೀರು, ಆಸಿಡ್ ಎರಡೂ ತಮ್ಮ ಕೆಲಸ ಮಾಡುತ್ತಿದ್ದವು. ಆದರೆ ಚರ್ಮ ಸುಲಿದ ಜಾಗದಲ್ಲೇ ಎಣಿಕೆ ದಿನದಿಂದ ದಿನಕ್ಕೆ ಎಲ್ಲೆಲ್ಲಿಗೋ ಜಿಗಿಯುತ್ತಿತ್ತು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಯಾವ ಸ್ಪ್ರೇ ಆದರೂ ಇಂತಿಷ್ಟು ಲಾಗ್ ಇಳಿಸುತ್ತದೆ ಅಂತ ಹೇಳುತ್ತಾರೆ. ಒಂದು ಲಾಗ್ ಅಂದರೆ ಹತ್ತರಲ್ಲಿ ಒಂಬತ್ತು ಸತ್ತವು ಅಂತ. ಲಕ್ಷ ಇದ್ದರೆ ಹತ್ತು ಸಾವಿರ ಉಳಿದವು, ನೂರಿದ್ದರೆ ಹತ್ತು ಉಳಿದವು. ಇದು ಭಾಗಾಕಾರದ ಲೆಕ್ಕ, ಕಳೆಯುವ ಲೆಕ್ಕ ಅಲ್ಲ. ಮೊದಲು ಎಷ್ಟು ಬಂತು ಅನ್ನುವುದರ ಮೇಲೆ ಕೊನೆಗೆ ಎಷ್ಟು ಉಳಿಯಿತು ಅನ್ನುವುದು ನಿಂತಿದೆ. ಮ್ಯಾನೇಜರ್‌ಗೆ ಇದನ್ನು ಒಪ್ಪಿಸುವುದು ಸುಲಭ ಇರಲಿಲ್ಲ, ಯಾಕೆಂದರೆ ಆಸಿಡ್ ಪಂಪಿನ ಗುಂಡಿ ತಿರುಗಿಸುವುದು ಅಗ್ಗ, ಲೈನಿನಲ್ಲಿ ಜನ ನಿಲ್ಲುವ ರೀತಿ ಬದಲಿಸುವುದು ದುಬಾರಿ.

ಹಾಗಾಗಿ ಚಾಕು ಹಿಡಿದವರ ಪಕ್ಕದಲ್ಲೇ ನಿಂತೆ. ಚರ್ಮ ಸುಲಿಯುವವರಲ್ಲಿ ಸ್ಪ್ಯಾನಿಷ್ ಮಾತಾಡುವವರು, ಸೊಮಾಲಿ ಮಾತಾಡುವವರು ಜಾಸ್ತಿ, ಬಹಳ ವರ್ಷದ ಅನುಭವ ಇರುವವರು. ಹೇಗೆ ಮಾಡಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲ ಕೊಯ್ತ ಮಾತ್ರ ಚರ್ಮದ ಹೊರಗಿನಿಂದ. ಆಮೇಲೆ ಚಾಕುವಿನ ಅಲಗು ಹೊರಮುಖವಾಗಿ ತಿರುಗಿಸಿ ಒಳಗಿನಿಂದ ಹೊರಗೆ ಕೊಯ್ಯಬೇಕು, ಆಗ ಕೂದಲು, ಮಣ್ಣು ಮಾಂಸದೊಳಗೆ ಹೋಗುವುದಿಲ್ಲ. ಚರ್ಮ ಹಿಡಿದ ಕೈ ಮಾಂಸ ಮುಟ್ಟಬಾರದು. ಒಂದು ಚಾಕು ಕೈಯಲ್ಲಿದ್ದಾಗ ಇನ್ನೊಂದು 82 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಳುಗಿರಬೇಕು, ಪ್ರತಿ ದನಕ್ಕೂ ಅದಲು ಬದಲು. ಇಷ್ಟೆಲ್ಲಾ ಗೊತ್ತಿದ್ದೂ ಯಾಕೆ ಆಗುತ್ತಿರಲಿಲ್ಲ ಅಂದರೆ, ಬಿಸಿನೀರಿನ ಡಬ್ಬಿ ಕೈಗೆಟುಕುವಷ್ಟು ಹತ್ತಿರ ಇರಲಿಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ ಬರುವಷ್ಟರಲ್ಲಿ ಮುಂದಿನ ದನ ಎದುರಿಗೆ ಬಂದು ನಿಂತಿರುತ್ತಿತ್ತು. ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ, ಬಲಗೈ ಪಕ್ಕಕ್ಕೆ ತಂದೆವು, ಎಡಗೈಯವರಿಗೆ ಎಡಕ್ಕೆ. ಪೈಪ್ ಕೆಲಸಕ್ಕೆ ಒಂದು ವಾರಾಂತ್ಯ ಹಿಡಿಯಿತು ಅಷ್ಟೇ.

ಆಮೇಲೆ ಚರ್ಮ ಎಳೆಯುವ ಯಂತ್ರ. ಕೊಯ್ದ ಚರ್ಮದ ಅಂಚು ಸುರುಳಿಯಾಗಿ ಒಳಕ್ಕೆ ಮಡಚಿಕೊಂಡು ಮಾಂಸಕ್ಕೆ ತಾಗುತ್ತದೆ, ಅದನ್ನು ಹೊರಗೆ ಮಡಚಿ ಕ್ಲಿಪ್ ಹಾಕಬೇಕು. ಬಾಲಕ್ಕೆ ಚೀಲ ಕಟ್ಟಬೇಕು, ಇಲ್ಲದಿದ್ದರೆ ಎಳೆಯುವಾಗ ಅದು ಬೀಸಿ ಬಂದು ತೊಡೆಗೆ ಹೊಡೆಯುತ್ತದೆ. ಚರ್ಮ ಕೊನೆಗೆ ಕಿತ್ತು ಬರುವ ಕ್ಷಣದಲ್ಲಿ ಪಟ್ ಅಂತ ಸಿಡಿದು ಸುತ್ತ ಹನಿ ಹಾರುತ್ತವೆ. ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ತೋರಿಸಿದ ಮೇಲೆ ಯಾರಿಗೂ ಭಾಷಣ ಬೇಕಾಗಲಿಲ್ಲ. ಯಂತ್ರದ ವೇಗ ಕೊನೆಯ ಭಾಗದಲ್ಲಿ ಇಳಿಸಿ ಪಕ್ಕದ ಕಾರ್ಕಸ್‌ಗೆ ಅಡ್ಡ ಹಲಗೆ ಹಾಕಿದೆವು.

ದೊಡ್ಡ ಪ್ಲಾಂಟುಗಳಲ್ಲಿ ಚರ್ಮ ಸುಲಿಯುವ ಮೊದಲೇ ಕೊಂದ ದನವನ್ನು ಇಡಿಯಾಗಿ ಕ್ಯಾಬಿನೆಟ್‌ನಲ್ಲಿ, ಅಂದರೆ ಸುತ್ತಲಿಂದ ನೀರು ಚಿಮ್ಮುವ ಪೆಟ್ಟಿಗೆಯಂಥ ಕೋಣೆಯಲ್ಲಿ, ತೊಳೆಯುತ್ತಾರೆ, ಕಾಸ್ಟಿಕ್ ಸೋಡಾ ಅಥವಾ ಕ್ಲೋರಿನ್ ನೀರಲ್ಲಿ. ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿರುವ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರದವರು ಚರ್ಮವೇ ಮುಖ್ಯ ಮೂಲ ಅಂತ ತೋರಿಸಿದ ಮೇಲೆ ಇದಕ್ಕೆ ಬೆಲೆ ಬಂತು. ನಮ್ಮಲ್ಲಿ ಅಷ್ಟು ಜಾಗವೂ ಇಲ್ಲ, ಹಣವೂ ಇರಲಿಲ್ಲ.

ಕರುಳಿನ ಕಡೆ ಹೇಳುವುದು ಕಡಿಮೆ. ಗುದದ್ವಾರಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಕಟ್ಟುವುದು, ಅನ್ನನಾಳಕ್ಕೆ ಕ್ಲಿಪ್, ಕರುಳು ಒಡೆಯದ ಹಾಗೆ ಕೈ ಹಾಕುವುದು. ಸಗಣಿ ಕಣ್ಣಿಗೆ ಕಂಡರೆ ಸೊನ್ನೆ ಸಹನೆ: ಒಂದಿಂಚಿಗಿಂತ ಚಿಕ್ಕ ಕಲೆಯಾದರೆ ಬಿಸಿ ಹಬೆ ಬಿಟ್ಟು ಹೀರಿಕೊಳ್ಳುವ ಸ್ಟೀಮ್ ವ್ಯಾಕ್ಯೂಮ್ ಆಗುತ್ತದೆ, ದೊಡ್ಡದಾದರೆ ಚಾಕುವಿನಲ್ಲೇ ಕತ್ತರಿಸಿ ತೆಗೆಯಬೇಕು. ನೀರು ಹೊಡೆದು ತೊಳೆದರೆ ಕಲೆ ಹೋದ ಹಾಗೆ ಕಾಣುತ್ತದೆ, ಬ್ಯಾಕ್ಟೀರಿಯಾ ಮಾತ್ರ ಪಕ್ಕಕ್ಕೆ ಹರಡಿರುತ್ತದೆ.

ಬಿಸಿನೀರಿನ ಕ್ಯಾಬಿನೆಟ್‌ನಲ್ಲಿ ನನಗೆ ಅಚ್ಚರಿ ಕಾದಿತ್ತು. ಪರದೆ ಮೇಲೆ 85 ಡಿಗ್ರಿ ತೋರಿಸುತ್ತಿತ್ತು. ಬಿಸಿ ಅಳೆಯುವ ತಂತಿಯ ಥರ್ಮೋಕಪಲ್ ಒಂದನ್ನು ಕಾರ್ಕಸ್ ಮೇಲೇ ಪಿನ್ ಮಾಡಿ ಒಳಗೆ ಕಳಿಸಿದರೆ ಮಾಂಸದ ಮೇಲೆ ಅದಕ್ಕಿಂತ ಎಷ್ಟೋ ಕಡಿಮೆ. ಪರದೆ ತೋರಿಸುವುದು ಪೈಪಿನ ಒಳಗಿನ ನೀರಿನ ಬಿಸಿ, ಅಲ್ವಾ? ನಾಝಲ್‌ನಿಂದ ಹೊರಬಂದ ನೀರು ಸಣ್ಣ ಹನಿಯಾಗಿ ಗಾಳಿಯಲ್ಲಿ ಹೋಗುವಾಗಲೇ ಆರುತ್ತದೆ. ಹನಿ ಸಣ್ಣದಾದಷ್ಟೂ ಬೇಗ. ದಪ್ಪ ಹನಿ ಬೀಳುವ ನಾಝಲ್ ಹಾಕಿ, ಅವನ್ನು ಇನ್ನಷ್ಟು ಹತ್ತಿರ ತಂದೆವು. ಇನ್ನೊಂದು, ಬೆಳಗಿನ ಪಾಳಿಯ ಮಧ್ಯದಲ್ಲಿ ದಿನಾ ಒಂದೇ ಹೊತ್ತಿಗೆ ಬಿಸಿ ಕುಸಿಯುತ್ತಿತ್ತು. ಬೆನ್ನು ಹತ್ತಿ ನೋಡಿದರೆ ಆ ಹೊತ್ತಿಗೆ ಇನ್ನೊಂದು ಕಡೆ ಟಬ್ ತೊಳೆಯುವವರು ಅದೇ ಬಾಯ್ಲರ್‌ನ ನೀರು ಎಳೆಯುತ್ತಿದ್ದರು. ತೊಳೆಯುವ ಹೊತ್ತು ಬದಲಿಸಿದೆವು, ಖರ್ಚು ಸೊನ್ನೆ.

ಈಗ ಆಸಿಡ್. ಲ್ಯಾಕ್ಟಿಕ್ ಆಸಿಡ್ ಅಂದರೆ ಮೊಸರಿಗೆ ಹುಳಿ ಕೊಡುವುದೇ. ಕಾರ್ಕಸ್ ಮೇಲೆ 2ರಿಂದ 5 ಪರ್ಸೆಂಟ್, ಬಿಸಿ 55 ಡಿಗ್ರಿಯವರೆಗೆ. ಅಲ್ಲಿಯವರೆಗೆ ಕುಡಿಯುವ ನೀರು ಬಿಟ್ಟು ಬೇರೇನನ್ನೂ ಬಿಡದಿದ್ದ ಯುರೋಪಿನವರೂ 2013ರಲ್ಲಿ ದನದ ಕಾರ್ಕಸ್‌ಗೆ ಇದೇ ಮಟ್ಟಕ್ಕೆ ಒಪ್ಪಿಗೆ ಕೊಟ್ಟರು. ನಾವು ನಡುವೆ ಎಲ್ಲೋ ಇದ್ದೇವೆ. ಮೇಲಿನ ತುದಿಗೆ ಹೋದರೆ ಮಾಂಸ ಬೂದು ತಿರುಗುತ್ತದೆ, ಕಾಂಕ್ರೀಟ್ ನೆಲ ತಿನ್ನುತ್ತದೆ, ಪಕ್ಕದಲ್ಲಿ ನಿಂತವರಿಗೆ ಕೆಮ್ಮು. ಜೊತೆಗೆ ಒ157ಗೆ ಹುಳಿ ತಡೆದುಕೊಳ್ಳುವ ಶಕ್ತಿ ಸಹಜವಾಗಿಯೇ ಇದೆ, ಆದ್ದರಿಂದ ಪರ್ಸೆಂಟ್ ಏರಿಸಿದಷ್ಟೂ ಲಾಭ ಏರುತ್ತದೆ ಅಂದುಕೊಳ್ಳಬೇಡಿ.

ಪರ್ಸೆಂಟ್‌ಗಿಂತ ನನಗೆ ಮುಖ್ಯ ಅನಿಸಿದ್ದು ಆಸಿಡ್ ಎಲ್ಲಾ ಕಡೆ ತಲುಪಿತಾ ಅನ್ನುವುದು. ಕ್ಯಾಬಿನೆಟ್‌ನಿಂದ ಹೊರಬಂದ ಕಾರ್ಕಸ್‌ಗೆ ಪಿಎಚ್ ಪಟ್ಟಿ ಒತ್ತಿ ನೋಡಿ. ತೊಡೆ ಮೇಲೆ ಬಣ್ಣ ಬದಲಾಗುತ್ತದೆ, ಮುಂಗಾಲಿನ ಕಂಕುಳಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ ಏನೂ ಆಗುವುದಿಲ್ಲ. ಅಲ್ಲಿಗೆ ಆಸಿಡ್ ಹೋಗಿಯೇ ಇಲ್ಲ! ಕಾರ್ಕಸ್ ತಲೆಕೆಳಗಾಗಿ ನೇತಾಡುವುದರಿಂದ ಮೇಲಿನ ಗಲೀಜೆಲ್ಲಾ ಹರಿದು ಬಂದು ಸೇರುವುದು ಇದೇ ಕೆಳಭಾಗಕ್ಕೆ. ಕೆಳಗಿನಿಂದ ಮೇಲಕ್ಕೆ ಚಿಮ್ಮುವ ನಾಝಲ್ ಸಾಲೊಂದನ್ನು ಸೇರಿಸಿದೆವು. ಕಟ್ಟಿಕೊಂಡ ನಾಝಲ್ ಪತ್ತೆ ಮಾಡಲು ಪಾಳಿ ಶುರುವಾಗುವ ಮೊದಲು ಖಾಲಿ ಕ್ಯಾಬಿನೆಟ್‌ಗೆ ಟಾರ್ಚ್ ಬಿಟ್ಟು ನೋಡುವ ಅಭ್ಯಾಸ ಮಾಡಿಸಿದೆ. ಇನ್ನೂ ಒಂದು ಮಾತು, ತೊಳೆದ ತಕ್ಷಣ ಆಸಿಡ್ ಹಾಕಿದರೆ ಮೈಮೇಲಿನ ನೀರಿಗೇ ಅದು ತೆಳುವಾಗುತ್ತದೆ. ನೀರು ಸೋರಲು ಸ್ವಲ್ಪ ಹೊತ್ತು ಬಿಡಬೇಕು. ಟ್ಯಾಂಕಿನ ಆಸಿಡ್ ಅಳೆಯಲು ಹಳೆಯ ಟೈಟ್ರೇಶನ್ನೇ ಸಾಕು, ಫಿನಾಲ್ಫ್ಥಲೀನ್ ಎರಡು ಹನಿ, ಆಮೇಲೆ ತಿಳಿ ಗುಲಾಬಿ ನಿಲ್ಲುವವರೆಗೆ ಕಾಸ್ಟಿಕ್. ಪಿಯುಸಿ ಲ್ಯಾಬಿನಲ್ಲಿ ಮಾಡಿದ್ದೇ.

ಟ್ರಿಮ್ ಬೆಲ್ಟ್ ಮೇಲೆ ಮಾತ್ರ ನಾವು ಪೆರಾಕ್ಸಿಅಸೆಟಿಕ್ ಆಸಿಡ್ ಬಳಸುತ್ತೇವೆ. ಕೊನೆಗೆ ಒಡೆದು ವಿನೆಗರ್‌ನ ಆಸಿಡ್, ನೀರು, ಆಮ್ಲಜನಕ ಆಗಿಬಿಡುತ್ತದೆ. ವಾಸನೆ ಮಾತ್ರ ಮೂಗಿಗೆ ಚುಚ್ಚುತ್ತದೆ.

ಚಿಲ್ಲರ್‌ನಲ್ಲಿ ಕಾರ್ಕಸ್‌ಗಳು ಒಂದಕ್ಕೊಂದು ತಾಗಬಾರದು. ತಾಗಿದ ಜಾಗ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ, ಅಲ್ಲಿ ಉಳಿದವು ಮತ್ತೆ ಬೆಳೆಯುತ್ತವೆ. 7 ಡಿಗ್ರಿಗಿಂತ ಕೆಳಗೆ ಇ. ಕೋಲಿ ಹೆಚ್ಚುಕಡಿಮೆ ಬೆಳೆಯುವುದಿಲ್ಲ, ಆದ್ದರಿಂದ ಮೇಲ್ಮೈ ಎಷ್ಟು ಬೇಗ ಅಲ್ಲಿಗೆ ಇಳಿಯುತ್ತದೋ ಅಷ್ಟು ಒಳ್ಳೆಯದು.

ಇಷ್ಟಾದ ಮೇಲೆ ಟ್ರಿಮ್ ಪರೀಕ್ಷೆ. ಲಾಟ್ ಒಂದರ (ಒಟ್ಟಿಗೆ ಪರೀಕ್ಷಿಸುವ ಮಾಲಿನ) ಬಿನ್‌ಗಳಿಂದ 60 ತೆಳು ಚೂರು, ಅದೂ ಕಾರ್ಕಸ್‌ನ ಹೊರಮೈ ಇದ್ದ ಕಡೆಯಿಂದಲೇ ತೆಗೆಯಬೇಕು. ಒಳಗಿನ ಮಾಂಸ ಕತ್ತರಿಸಿ ಕಳಿಸಿದರೆ ನೆಗೆಟಿವ್ ಬರುತ್ತದೆ, ಅದಕ್ಕೆ ಅರ್ಥ ಇಲ್ಲ. ಉತ್ತರ ಬರುವವರೆಗೆ ಮಾಲು ಗೇಟು ದಾಟುವುದಿಲ್ಲ. ಪಾಸಿಟಿವ್ ಬಂದರೆ ಬೇಯಿಸುವ ಕಾರ್ಖಾನೆಗೆ ಹೋಗಬೇಕು ಅಥವಾ ನಾಶ ಮಾಡಬೇಕು.

ನಮ್ಮ ಬೇಸಿಗೆಯ ಪಾಸಿಟಿವ್‌ಗಳು ಇಳಿದವು, ಆದರೆ ನಿಂತಿಲ್ಲ. ಮಳೆ ಬಂದು ಕೆಸರಾದ ವಾರ ಈಗಲೂ ಚರ್ಮದ ಮೇಲೆ ಸಗಣಿ ಮೆತ್ತಿಕೊಂಡೇ ದನ ಬರುತ್ತವೆ. ಅಂಥ ದಿನ ಲೈನ್ ನಿಧಾನ ಮಾಡಿ ಅಂತ ಕೇಳಿದರೆ ಕೆಲವೊಮ್ಮೆ ಮಾಡುತ್ತಾರೆ, ಕೆಲವೊಮ್ಮೆ ಇಲ್ಲ. ಈ ಜಗಳ ಮುಗಿಯುವಂಥದ್ದಲ್ಲ.

ಇಲ್ಲಿರುವ ಕನ್ನಡದ ಗೆಳೆಯರು ಮನೆಯಲ್ಲಿ ಏನು ಮಾಡಬೇಕು ಅಂತ ಕೇಳುತ್ತಾರೆ. ಅಂಗಡಿಯ ಕೀಮಾ ಹಸಿಯಾಗಿ ರುಚಿ ನೋಡಬೇಡಿ, ಬರ್ಗರ್ ಮಾಡಿದರೆ ನಡುಭಾಗಕ್ಕೆ ಥರ್ಮಾಮೀಟರ್ ಚುಚ್ಚಿ 71 ಡಿಗ್ರಿ ಬಂತಾ ನೋಡಿ. ಬಣ್ಣ ನಂಬಬೇಡಿ, ಬೇಯುವ ಮೊದಲೇ ಕಂದಾಗುವ ಮಾಂಸ ಇದೆ. ಸಿಂಕಿನಲ್ಲಿ ತೊಳೆಯುವುದು ಬೇಡ, ಹನಿ ಪಕ್ಕದ ಸೊಪ್ಪಿನ ಮೇಲೆ ಹಾರುತ್ತವೆ. ಊರಿನ ಮಟನ್ ಸಾರಿನ ಥರ ಗಂಟೆಗಟ್ಟಲೆ ಕುದಿಸುವವರಾದರೆ ನಿಮಗೆ ಥರ್ಮಾಮೀಟರೂ ಬೇಕಾಗಿಲ್ಲ.