ಹೊಸಬರಿಗೆ ಮಾರ್ಗದರ್ಶಿ: ಕೊಡಗಿನಲ್ಲಿದ್ದುಕೊಂಡು ಥೀಮ್ ಪಾರ್ಕಿನ ವರ್ಷದ ಪಾಸ್ ಕೊಳ್ಳಬೇಕೇ?

"ಸರ್, ವರ್ಷದ ಪಾಸ್ ತಗೊಂಡ್ರ ಫಾಯ್ದಾ ಅದ ಏನ್ರಿ?"

ಕಲಬುರಗಿ ಕಡೆಯಿಂದ ಮಡಿಕೇರಿಗೆ ವರ್ಗವಾಗಿ ಬಂದ ಶಿಕ್ಷಕಿಯೊಬ್ಬರು ಜೂನ್ ತಿಂಗಳ ಒಂದು ಸಂಜೆ ನಮ್ಮ ಸಂಘದ ಕೋಣೆಗೆ ಬಂದು ಕೇಳಿದ ಮೊದಲ ಪ್ರಶ್ನೆ ಇದು. ಬಾಡಿಗೆ ಮನೆ, ಗ್ಯಾಸ್ ವರ್ಗಾವಣೆ, ವಾರವಾದರೂ ಒಣಗದ ಯೂನಿಫಾರ್ಮು, ಇವೆಲ್ಲ ಆಮೇಲೆ ಬಂದವು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಮೊಬೈಲಿನಲ್ಲಿ ಬಂದಿದ್ದ ಜಾಹೀರಾತು ತೋರಿಸಿದರು. ನಮ್ಮ ಖಜಾಂಚಿ ಅದನ್ನು ನೋಡಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ಮೂರನೇ ತರಗತಿಯ ಹುಡುಗಿಯನ್ನು ನೋಡಿ, "ಮೇಡಂ, ಮಗಳಿಗೆ ಬಸ್ಸಲ್ಲಿ ವಾಂತಿ ಬರುತ್ತಾ?" ಅಂದರು. ಹುಡುಗಿ ತಲೆ ತಗ್ಗಿಸಿದಳು. ಉತ್ತರ ಅರ್ಧ ಸಿಕ್ಕಿತು.

ಗಾಳಿಬೀಡಿನ ನವೋದಯ, ಕೂಡಿಗೆಯ ಸೈನಿಕ ಶಾಲೆ, ಮಡಿಕೇರಿ ಮೆಡಿಕಲ್ ಕಾಲೇಜು, ಚೆಸ್ಕಾಂ, ಬ್ಯಾಂಕುಗಳು ಎಂದು ಪ್ರತಿ ವರ್ಷ ಹೊಸ ಸಂಸಾರಗಳು ಇಲ್ಲಿಗೆ ಬರುತ್ತವೆ. ಮಕ್ಕಳಿದ್ದ ಮನೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ಒಮ್ಮೆ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ.

ಮೊದಲು ದಾರಿ

ಕೊಡಗು ಜಿಲ್ಲೆಯಲ್ಲಿ ರೈಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ರಸ್ತೆಯೇ ಗತಿ, ಮಡಿಕೇರಿಯಿಂದ ಯಾವ ದಿಕ್ಕಿಗೆ ಹೊರಟರೂ ತಿರುವುಗಳೇ. ಪಾಸಿನ ಲೆಕ್ಕವನ್ನು ಗೇಟಿನಿಂದಲ್ಲ, ನಿಮ್ಮ ಮನೆ ಬಾಗಿಲಿನಿಂದ ಶುರು ಮಾಡಬೇಕು.

ಎಲ್ಲರ ಬಾಯಲ್ಲೂ ಇರುವ ಥೀಮ್ ಪಾರ್ಕು ಬಿಡದಿಯ ವಂಡರ್‌ಲಾ. 2005ರಲ್ಲಿ ಶುರುವಾದದ್ದು, ಮೈಸೂರು–ಬೆಂಗಳೂರು ದಾರಿಯಲ್ಲಿದೆ. ಮಡಿಕೇರಿಯಿಂದ ಸುಮಾರು 225 ಕಿ.ಮೀ. ಅಂದರೆ ಹೋಗಿ ಬರಲು 450. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೈಸೂರಿನಿಂದಾಚೆಗಿನ ದಾರಿ ಚುರುಕಾಗಿದೆ, ನಿಜ. ಆದರೆ ನಮ್ಮ ಹೊತ್ತು ಹೋಗುವುದು ಮೈಸೂರಿನಿಂದೀಚೆಗೆ. (ಬೈಕಿನಲ್ಲಿ ಹೋಗುತ್ತೇವೆ ಅನ್ನುವ ಹುಡುಗರಿಗೆ: ಆ ವರ್ಷದ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ನಿಮ್ಮ ದಾರಿ.) ಪಾರ್ಕು ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಸರಿಹೋಗುತ್ತದೆ. ಸಂಜೆ ಆರರ ಮೇಲೆ ಹೊರಟರೆ ಕುಶಾಲನಗರ ದಾಟುವಾಗ ರಾತ್ರಿ ಹತ್ತು ಕಳೆದಿರುತ್ತದೆ, ಮುಂದೆ ಆನೆಕಾಡು. ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ, ಒದ್ದೆ ಬಟ್ಟೆಯ ಕವರು ಕಾಲಡಿಯಲ್ಲಿ ನೀರು ಬಿಟ್ಟಿರುತ್ತದೆ, ಮುಂದೆ ರಸ್ತೆಗೆ ಅಡ್ಡವಾಗಿ ಒಂದು ಕರಿ ಗುಡ್ಡ ನಿಂತಿರುತ್ತದೆ. ಹಾರ್ನ್ ಹೊಡೆಯಬೇಡಿ, ಲೈಟು ತಗ್ಗಿಸಿ ಹಿಂದೆಯೇ ನಿಲ್ಲಿ. ಇದು ಪಾಸಿಗೆ ಸಂಬಂಧಿಸಿದ ಮಾತಲ್ಲ, ಆದರೂ ಹೊಸಬರು ತಿಳಿದಿರಲಿ.

ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದರ ಅರ್ಧ ದಾರಿ, ಮಡಿಕೇರಿಯಿಂದ 120 ಕಿ.ಮೀ. ಆಸುಪಾಸು. ಹೊರವರ್ತುಲ ರಸ್ತೆ ಹಿಡಿದರೆ ಮೈಸೂರಿನ ಪೇಟೆಯೊಳಗೆ ಹೋಗಬೇಕಾಗಿಯೇ ಇಲ್ಲ. ಕುಶಾಲನಗರದವರಿಗೆ ಇನ್ನೂ 30 ಕಿ.ಮೀ. ಕಡಿಮೆ, ಜೊತೆಗೆ ಮಡಿಕೇರಿಯ ತಿರುವುಗಳ ಕಾಟವಿಲ್ಲ. ಪಾಸಿನ ವಿಷಯದಲ್ಲಿ ಕುಶಾಲನಗರ ಮತ್ತು ಮಡಿಕೇರಿಯನ್ನು ಒಂದೇ ಜಿಲ್ಲೆ ಎಂದು ತಿಳಿಯಬೇಡಿ.

ವಿರಾಜಪೇಟೆಗೆ ಬಂದವರು ಇನ್ನೊಂದು ದಿಕ್ಕಿಗೂ ನೋಡಬಹುದು. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವು. ಅಲ್ಲಿ ವಿಸ್ಮಯ ಎಂಬ ವಾಟರ್ ಪಾರ್ಕ್ ಇದೆ, ಸಹಕಾರಿ ಸಂಘದವರು ನಡೆಸುವುದು. ಕೊಡಗಿನವರು ಮುತ್ತಪ್ಪ ದೇವರ ದರ್ಶನಕ್ಕೆ ಹೇಗೂ ಆ ಊರಿಗೆ ಹೋಗುತ್ತಾರೆ. ಬೆಳಗ್ಗೆ ಗುಡಿ, ಮಧ್ಯಾಹ್ನ ನೀರು. ಅಜ್ಜಿಗೂ ಸಮಾಧಾನ, ಮೊಮ್ಮಕ್ಕಳಿಗೂ ಸಮಾಧಾನ. ಮಳೆಗಾಲದಲ್ಲಿ ಮಾತ್ರ ಮಾಕುಟ್ಟ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಿ.

ಈಗ ಲೆಕ್ಕ

ದರಗಳು ವಾರದ ದಿನಕ್ಕೊಂದು, ಭಾನುವಾರಕ್ಕೊಂದು, ಹಬ್ಬಕ್ಕೊಂದು ಇರುತ್ತವೆ. ಆದ್ದರಿಂದ ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ದಿನದ ಟಿಕೆಟ್ ತಲೆಗೆ ₹1,000, ವರ್ಷದ ಪಾಸ್ ₹2,500 ಎಂದು ಇಟ್ಟುಕೊಳ್ಳಿ. ನಾಲ್ಕು ಜನರ ಸಂಸಾರ, ಮಕ್ಕಳ ರಿಯಾಯಿತಿ ಸದ್ಯಕ್ಕೆ ಬಿಡಿ.

ಟಿಕೆಟಾದರೆ ಒಂದು ಸಲಕ್ಕೆ ₹4,000. ಪಾಸಾದರೆ ವರ್ಷಕ್ಕೆ ₹10,000. ಮೂರು ಸಲ ಹೋದರೆ ಟಿಕೆಟಿಗೆ ₹12,000 ಆಗುತ್ತಿತ್ತು, ಹಾಗಾಗಿ ಪಾಸಿನಿಂದ ₹2,000 ಉಳಿಯಿತು. ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ.

ನಾವು ಇಲ್ಲಿಂದ ಮುಂದಕ್ಕೆ ಹೋಗೋಣ. ಬಿಡದಿಗೆ ಹೋಗಿ ಬರಲು 450 ಕಿ.ಮೀ., ಲೀಟರಿಗೆ 15 ಕೊಡುವ ಕಾರಿಗೆ 30 ಲೀಟರ್ ಪೆಟ್ರೋಲು, ನೂರರ ಲೆಕ್ಕದಲ್ಲೇ ಹಿಡಿದರೂ ₹3,000. ಗಣಂಗೂರಿನ ಟೋಲು, ದಾರಿಯ ತಿಂಡಿ, ಒಳಗಿನ ಊಟ, ಲಾಕರ್ ಸೇರಿ ₹1,500 ಅನ್ನಿ. ಗೇಟು ಮುಟ್ಟುವ ಖರ್ಚೇ ₹4,500, ನಾಲ್ವರ ಟಿಕೆಟಿಗಿಂತ ಹೆಚ್ಚು. ಮೂರು ಸಲಕ್ಕೆ ₹13,500. ಆ ₹2,000 ಉಳಿಸಲು ನೀವು ಒಟ್ಟು ₹23,500 ಕೈಬಿಡಬೇಕು. ಒಂದೇ ಸಲ ಟಿಕೆಟ್ ಕೊಂಡು ಹೋಗಿ ಬಂದ ನೆರೆಮನೆಯವರು ₹8,500ಕ್ಕೆ ಮಕ್ಕಳನ್ನು ಕುಣಿಸಿ ತಂದಿರುತ್ತಾರೆ. "ಹೇಗಿದ್ರೂ ಪಾಸ್ ಇದೆಯಲ್ಲ" ಅನ್ನುವ ಮಾತು ಮನೆಯಲ್ಲಿ ಕೇಳಿಬಂದ ಭಾನುವಾರ ಪೆಟ್ರೋಲ್ ಬಂಕಿನವನಿಗೆ ಹಬ್ಬ.

ಮೈಸೂರಿನ ಪಾರ್ಕಿಗಾದರೆ ಪೆಟ್ರೋಲು ಸುಮಾರು ₹1,600. ಅಲ್ಲಿಗೆ ವರ್ಷಕ್ಕೆ ಮೂರು ಸಲ ಹೋಗುವುದು ಮನುಷ್ಯರಿಂದ ಸಾಧ್ಯ.

ಬಸ್ಸಿನಲ್ಲಿ ಹೋಗುವವರ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟಿಲ್ಲ. ರಾಜಹಂಸ, ಐರಾವತಕ್ಕೆ ಇದು ನಡೆಯುವುದಿಲ್ಲ. ಅಮ್ಮ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಮೈಸೂರಿನ ದಾರಿ ಖರ್ಚು ಹೆಚ್ಚುಕಡಿಮೆ ಅಪ್ಪನ ಒಂದು ಟಿಕೆಟ್ ಮಾತ್ರ. ಕಾಸರಗೋಡಿನಿಂದ ಬಂದ ನಮ್ಮ ಕನ್ನಡದ ಮನೆಗಳವರು ಗಮನಿಸಿ: ತೋರಿಸುವ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಬಂದ ತಿಂಗಳೇ ಆಧಾರ್ ವಿಳಾಸ ಬದಲಿಸಿಕೊಳ್ಳಿ, ಪಾರ್ಕಿಗಲ್ಲದಿದ್ದರೂ ಬೇಕಾಗುತ್ತದೆ.

ನನ್ನ ಪಾಸು

ಈ ಲೆಕ್ಕ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಪಾರ್ಕಿನ ಪಾಸ್ ಕೊಂಡಿದ್ದೆ. ಬೇಸಿಗೆ ರಜೆಯಲ್ಲಿ ಒಮ್ಮೆ ಹೋದೆವು, ಚೆನ್ನಾಗಿತ್ತು. ಮಳೆಗಾಲ ಕಳೆದು ದಸರಾ ರಜೆಯಲ್ಲಿ ಮತ್ತೆ ಹೋದರೆ ಗೇಟಿನ ಹುಡುಗ ಪಾಸನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ತೋರಿಸಿದ. ಆ ವಾರ ಪಾಸ್ ನಡೆಯುವುದಿಲ್ಲ. ಅಷ್ಟು ದೂರ ಬಂದು ಮಕ್ಕಳನ್ನು ವಾಪಸ್ ಕರೆದುಕೊಂಡು ಹೋಗಲಾಗುತ್ತದೆಯೇ? ಟಿಕೆಟ್ ಕೊಂಡೆ. ಮೂರನೇ ಸಲ ಬರಲೇ ಇಲ್ಲ. ಆ ಪಾಸುಗಳು ಈಗಲೂ ಕರೆಂಟ್ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿವೆ. ಮಗನ ಪಾಸಿನ ಫೋಟೊದಲ್ಲಿ ಮುಂದಿನ ಎರಡು ಹಲ್ಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಎರಡೂ ಬಂದಿದ್ದವು.

ಹಾಗಾಗಿ ದುಡ್ಡು ಕಟ್ಟುವ ಮೊದಲು ನಿಯಮಗಳನ್ನು ಓದಿ, ಮೊಬೈಲಿನಲ್ಲಿ ಹಾರಿಸಿಕೊಂಡು ಹೋಗಬೇಡಿ. ಯಾವ ದಿನಗಳಲ್ಲಿ ಪಾಸ್ ನಡೆಯದು? ವರ್ಷ ಎಂದರೆ ಕೊಂಡ ದಿನದಿಂದಲೋ, ಮೊದಲು ಹೋದ ದಿನದಿಂದಲೋ, ಡಿಸೆಂಬರ್ 31ರವರೆಗೋ? ಎಷ್ಟು ಸಲ ಬೇಕಾದರೂ ಹೋಗಬಹುದೇ, ಇಲ್ಲ ಸಲಗಳಿಗೆ ಮಿತಿ ಇದೆಯೇ? ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ? ಮಗನಿಗೆ ಜ್ವರ ಬಂದರೆ ಅವನ ಪಾಸಿನಲ್ಲಿ ಭಾವನ ಮಗ ಹೋಗಬಹುದೇ? (ಸಾಮಾನ್ಯವಾಗಿ ಇಲ್ಲ, ಫೋಟೊ ಅದಕ್ಕೇ ಇರುವುದು.)

ರಜೆಯ ದಿನ ಪಾಸ್ ಮುಚ್ಚುವುದು ನಮ್ಮಲ್ಲಿ ಮಾತ್ರ ಇರುವ ಕಿತಾಪತಿಯೂ ಅಲ್ಲ. ಅಮೆರಿಕದ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಪಾಸಿನಲ್ಲೇ ನಾಲ್ಕು ದರ್ಜೆಗಳಿವೆ. ಅದರಲ್ಲಿ ಅಗ್ಗದ್ದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ, ಅದೂ ಹೆಚ್ಚಾಗಿ ಸೋಮವಾರದಿಂದ ಶುಕ್ರವಾರದವರೆಗಿನ ದಿನಗಳಿಗೆ. ಕಚೇರಿ ಬಿಟ್ಟು ಎರಡು ಗಂಟೆ ಆಡಿ ಮನೆಗೆ ಹೋಗಿ ಉಣ್ಣುವಷ್ಟು ಹತ್ತಿರದವರಿಗೆ ಹೊಂದುವ ಏರ್ಪಾಡು ಅದು. ನಮಗೆ ಎರಡು ಗಂಟೆಗೆ ಹುಣಸೂರೇ ಸರಿಯಾಗಿ ಬರುವುದಿಲ್ಲ.

ಕೊಡಗಿನ ಕ್ಯಾಲೆಂಡರು

ಹೊಸಬರು ತಪ್ಪು ಮಾಡುವುದು ಇಲ್ಲಿಯೇ. ವರ್ಷಕ್ಕೆ 52 ಭಾನುವಾರ ಎಂದುಕೊಳ್ಳುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಜಿಲ್ಲಾಧಿಕಾರಿಗಳು ಶಾಲೆಗೆ ದಿಢೀರ್ ರಜೆ ಕೊಡುತ್ತಾರೆ, ಮಕ್ಕಳು ಕುಣಿಯುತ್ತಾರೆ, ನಿಮಗೂ ಪಾಸ್ ನೆನಪಾಗುತ್ತದೆ. ಹುಣಸೂರು ದಾಟಿದರೆ ಬಿಸಿಲು ಇರುತ್ತದೆ, ಅದೂ ಸುಳ್ಳಲ್ಲ. ಆದರೆ ರಜೆ ಕೊಟ್ಟದ್ದೇ ಮರ ಬೀಳುತ್ತದೆ, ರಸ್ತೆ ಬದಿಯ ಗುಡ್ಡ ಕುಸಿಯುತ್ತದೆ ಎಂದು. ಆ ದಿನ ಮಕ್ಕಳನ್ನು ಕಾರಿಗೆ ಹತ್ತಿಸಿ ಘಾಟಿ ಇಳಿಯುವುದು ಬುದ್ಧಿವಂತಿಕೆ ಅಲ್ಲ. ಸಾಲದ್ದಕ್ಕೆ ಆ ರಜೆಗಳನ್ನು ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ ನಡೆಸಿ ತುಂಬಿಸುತ್ತಾರೆ.

ಸೆಪ್ಟೆಂಬರ್ ಮೊದಲಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಪಕ್ಕದ ಮನೆಯವರು ಊಟಕ್ಕೆ ಕರೆದರೆ ಬೇಡ ಅನ್ನಬೇಡಿ, ಕಡುಂಬುಟ್ಟು–ಪಂದಿಕರಿ (ಅಕ್ಕಿ ಕಡುಬು, ಹಂದಿಮಾಂಸದ ಸಾರು) ನಿಮಗೆ ಒಗ್ಗದಿದ್ದರೆ ಮೊದಲೇ ಹೇಳಿ, ಬೇರೆ ಮಾಡುತ್ತಾರೆ. ಅಕ್ಟೋಬರಿನಲ್ಲಿ ಮಡಿಕೇರಿ ದಸರಾ, ಹತ್ತು ದೇವಸ್ಥಾನಗಳ ದಶಮಂಟಪಗಳ ಮೆರವಣಿಗೆಯ ರಾತ್ರಿ ಯಾವ ಪಾರ್ಕಿನ ದೀಪವೂ ಮಂಕು, ಟಿಕೆಟೂ ಇಲ್ಲ. ಅದೇ ತಿಂಗಳು ತಲಕಾವೇರಿ ತೀರ್ಥೋದ್ಭವ. ನವೆಂಬರ್–ಡಿಸೆಂಬರಿನಲ್ಲಿ ಸುಗ್ಗಿಯ ಹಬ್ಬ ಪುತ್ತರಿ. ಅಲ್ಲಿಂದ ಅರೇಬಿಕಾ, ಹಿಂದೆಯೇ ರೋಬಸ್ಟಾ ಕಾಫಿ ಕೊಯ್ಲು, ತೋಟದ ಕೆಲಸದವರಿಗೆ ಫೆಬ್ರವರಿವರೆಗೆ ತಲೆ ಕೆರೆಯಲೂ ಪುರುಸೊತ್ತಿಲ್ಲ. ಏಪ್ರಿಲ್–ಮೇನಲ್ಲಿ ಮದುವೆಗಳು, ಜೊತೆಗೆ 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ. ಉಳಿದ ಭಾನುವಾರಗಳನ್ನು ನೀವೇ ಎಣಿಸಿ. ನಾನು ಎಣಿಸಿದಾಗ ಒಂದು ಕೈಯ ಬೆರಳು ಸಾಕಾಗಿತ್ತು.

ಎತ್ತರದ ಗೆರೆ

ಪಾರ್ಕಿನಲ್ಲಿ ಮಕ್ಕಳಿಗೆ ವಯಸ್ಸಿಲ್ಲ, ಎತ್ತರ ಇದೆ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕೆಳಗಿನ ಮಗುವಿಗೆ ಟಿಕೆಟಿಲ್ಲ, 85ರಿಂದ 140ರವರೆಗೆ ಮಕ್ಕಳ ದರ, ಮೇಲಿನದ್ದು ದೊಡ್ಡವರ ದರ. ಮೈ ಜುಮ್ಮೆನ್ನಿಸುವ ದೊಡ್ಡ ರೈಡುಗಳಿಗೂ ಸುಮಾರು ಆ 140ರ ಎತ್ತರ ಬೇಕು. ಆದ್ದರಿಂದ ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. 115ರ ಮಗುವಿಗೆ ಪಾಸ್ ಕೊಂಡರೆ ವರ್ಷವಿಡೀ ಅದು ಅಕ್ಕನ ರೈಡನ್ನು ಕಂಬಿಯ ಹೊರಗೆ ನಿಂತು ನೋಡುತ್ತದೆ, ಅಮ್ಮ ಜೊತೆಗೆ ನಿಂತಿರಬೇಕು. ಹಾಗೆ ನಿಲ್ಲುವ ಅಮ್ಮನಿಗೆ ಪಾಸ್ ಯಾಕೆ? ಎತ್ತರ 138 ಇದ್ದರೆ ಒಂದು ವರ್ಷ ತಡೆಯಿರಿ, ಆಗ ಎಲ್ಲ ರೈಡೂ ಸಿಗುತ್ತವೆ.

ಇನ್ನೆರಡು ಸಣ್ಣ ವಿಷಯ. ನೀರಿಗಿಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಬೇಕು, ಹತ್ತಿ ಬಿಡುವುದಿಲ್ಲ. ಹೊರಗಿನ ಊಟ ಗೇಟಿನಲ್ಲೇ ನಿಲ್ಲುತ್ತದೆ. ಕಟ್ಟಿಕೊಂಡು ಹೋದ ಅಕ್ಕಿರೊಟ್ಟಿಯನ್ನು ಪಾರ್ಕಿಂಗಿನಲ್ಲಿ, ಕಾರಿನ ಡಿಕ್ಕಿ ತೆರೆದುಕೊಂಡೇ ಮುಗಿಸಿ ಒಳಗೆ ಹೋಗುವುದು ಕೊಡಗಿನವರ ಹಳೆಯ ಪದ್ಧತಿ.

ಹಾಗಾದರೆ ಯಾರು ಕೊಳ್ಳಬಹುದು?

ಅಜ್ಜಿ ಮನೆ ಮೈಸೂರಿನಲ್ಲೋ ಕೆಂಗೇರಿಯಲ್ಲೋ ಇದ್ದು, ತಿಂಗಳಿಗೊಮ್ಮೆ ಹೇಗೂ ಹೋಗುವವರು ಧಾರಾಳವಾಗಿ ಕೊಳ್ಳಿ. ದಾರಿ ಖರ್ಚು ಅಜ್ಜಿಯ ಲೆಕ್ಕಕ್ಕೆ ಹೋಯಿತು, ಪಾಸ್ ಮೂರನೇ ಸಲಕ್ಕೇ ಲಾಭಕ್ಕೆ ಬರುತ್ತದೆ. ಕುಶಾಲನಗರದಲ್ಲಿದ್ದು 140 ದಾಟಿದ ಇಬ್ಬರು ಮಕ್ಕಳಿರುವವರು ಮೈಸೂರಿನದ್ದನ್ನು ಯೋಚಿಸಬಹುದು. ಉಳಿದವರಿಗೆ, ಅದರಲ್ಲೂ ಮೊದಲ ವರ್ಷದವರಿಗೆ, ನನ್ನ ಮಾತು: ಬೇಡ. ಒಂದು ಸಲ ಟಿಕೆಟಿನಲ್ಲಿ ಹೋಗಿ ನೋಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಹಾಲ್ ಟಿಕೆಟ್ ತೋರಿಸಿದರೆ ರಿಯಾಯಿತಿ ಸಿಕ್ಕ ವರ್ಷಗಳಿವೆ, ಕಾಲೇಜು ಐಡಿಗೂ ಸಿಗುವುದುಂಟು, ವಿಚಾರಿಸಿ. ಮಗಳ ಶಾಲೆಯವರು ಡಿಸೆಂಬರಿನ ಪ್ರವಾಸಕ್ಕೆ ಅದೇ ಪಾರ್ಕಿಗೆ ಕರೆದುಕೊಂಡು ಹೋಗುವ ಯೋಚನೆ ಇದೆಯೇ ಎಂದೂ ಕೇಳಿಕೊಳ್ಳಿ.

ಸಣ್ಣ ಮಕ್ಕಳಿದ್ದರೆ ಮೈಸೂರು ಮೃಗಾಲಯ ಸಾಕು, ಮಂಗಳವಾರ ಮಾತ್ರ ರಜೆ. ಅಲ್ಲಿ ಪ್ರಾಣಿಯೊಂದನ್ನು ದತ್ತು ಪಡೆಯುವ ಯೋಜನೆ ಇದೆ, ನಮ್ಮ ಸಂಘದ ಒಬ್ಬರು ಮಗನ ಹುಟ್ಟುಹಬ್ಬಕ್ಕೆ ಒಂದು ಹಕ್ಕಿಯನ್ನು ತೆಗೆದುಕೊಂಡರು. ಅವನು ಈಗ ಯಾರನ್ನು ಕಂಡರೂ "ಮೈಸೂರಲ್ಲಿ ನನ್ನ ಹಕ್ಕಿ ಇದೆ" ಅನ್ನುತ್ತಾನೆ. ಇಲ್ಲೇ ಕಾವೇರಿ ನಿಸರ್ಗಧಾಮ, ದುಬಾರೆಯಲ್ಲಿ ಆನೆಗೆ ಸ್ನಾನ, ಹಾರಂಗಿ, ಸಂಜೆ ರಾಜಾಸೀಟು. ಮಳೆ ಜೋರಾದರೆ ನಿಸರ್ಗಧಾಮ, ದುಬಾರೆ ಮುಚ್ಚುತ್ತಾರೆ, ಫೋನ್ ಮಾಡಿ ಹೊರಡಿ.

ಆ ಶಿಕ್ಷಕಿ ಪಾಸ್ ಕೊಳ್ಳಲಿಲ್ಲ. ಪೆನ್ಸಿಲ್ ಗೆರೆ ಎಳೆದರಂತೆ, 127 ಬಂತಂತೆ. ಸಂಘದಿಂದ ವರ್ಷಕ್ಕೊಮ್ಮೆ ಬಸ್ ಮಾಡಿಕೊಂಡು ಮೈಸೂರಿಗೆ ಹೋಗುವ ಪಟ್ಟಿಯಲ್ಲಿ ಮೂರು ಹೆಸರು ಬರೆಸಿದ್ದಾರೆ. ಗುಂಪಿನ ದರ ಸಿಗುತ್ತದೆ, ಹೊಸಬರ ಪರಿಚಯವೂ ಆಗುತ್ತದೆ. ನೀವೂ ಬರುವುದಾದರೆ ಬೇಗ ಹೇಳಿ. ಚಾಲಕನ ಹಿಂದಿನ ಎರಡು ಸಾಲು ಮಾತ್ರ ಕೇಳಬೇಡಿ, ಅದು ವಾಂತಿ ಬರುವ ಮಕ್ಕಳಿಗೆ ಮೀಸಲು. ನಿಂಬೆಹಣ್ಣು ಸಂಘದ ಖರ್ಚು, ಕವರು ನೀವೇ ತನ್ನಿ.