ಆಷಾಢದ ಗಾಳಿಗೆ ಕಮೋಡಿನ ನೀರು ತೂಗಾಡಿದಾಗ

"ತಮ್ಮಾ, ಯಾರೂ ಒಳಗ ಹೋಗಿಲ್ಲ, ಆದ್ರೂ ಕಮೋಡಿನಾಗಿನ ನೀರು ಅಳ್ಳಾಡತೈತಿ ನೋಡ" ಎಂದು ಗಿರಾಕಿ ಮನೆಯ ಅಮ್ಮ ಫೋನ್ ಮಾಡಿದಾಗ ಆಷಾಢ ಹಿಡಿದು ವಾರವಾಗಿತ್ತು. ಜೊತೆಗೆ ಬಾತ್‌ರೂಮಿನಲ್ಲಿ ಗಟಾರದ ವಾಸನೆ ಬೇರೆ. ನಾನು ಗದಗದಲ್ಲಿ ಪ್ಲಂಬಿಂಗ್ ಮಾಡುತ್ತೇನೆ. ಇಲ್ಲಿ ಗಾಳಿ ಎಷ್ಟು ಅಂದರೆ, ಕಪ್ಪತಗುಡ್ಡದ ಸಾಲಿನ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಆದರೂ ಮೊದಲ ದಿನ ನನಗೆ ಗಾಳಿಯ ನೆನಪಾಗಲಿಲ್ಲ. ಗಟಾರದ ಲೈನ್ ಕಟ್ಟಿಕೊಂಡಿದೆ ಅಂದುಕೊಂಡು ಚೇಂಬರ್ ಮುಚ್ಚಳ ತೆಗೆದೆ. ಒಳಗೆ ಸ್ವಚ್ಛವಾಗಿತ್ತು.

ಮರುದಿನ ಬೆಳಗ್ಗೆ ಬೇಗ ಹೋದೆ. ಗಾಳಿ ಇರಲಿಲ್ಲ, ನೀರೂ ಅಲುಗಾಡಲಿಲ್ಲ. ಕಮೋಡಿನಲ್ಲಿ ನೀರು ನಿಂತ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಸಂಜೆವರೆಗೆ ಅದನ್ನು ಬಳಸಬೇಡಿ ಅಂದೆ. ಸಂಜೆ ನೋಡಿದರೆ ನೀರು ಗೆರೆಯಿಂದ ಅರ್ಧ ಇಂಚು ಕೆಳಗಿತ್ತು. ಮೇಲೆ ಗಾಳಿ ಹುಯ್ಯೆನ್ನುತ್ತಿತ್ತು.

ಟೆರೇಸ್ ಹತ್ತಿ ವೆಂಟ್ ಪೈಪಿನ, ಅಂದರೆ ಗಟಾರದ ಲೈನಿಗೆ ಗಾಳಿ ಆಡಲು ಮೇಲೆ ಬಿಟ್ಟ ಪೈಪಿನ, ಬಾಯಿಗೆ ಅಂಗೈ ಹಿಡಿದೆ. ಒಮ್ಮೆ ಎಳೆಯಿತು, ಒಮ್ಮೆ ಊದಿತು. ಪೈಪಿನ ಬಾಯಿ ಸರಿಯಾಗಿ ಪ್ಯಾರಪೆಟ್ (ಟೆರೇಸಿನ ಅಂಚಿನ ಗೋಡೆ) ಎತ್ತರಕ್ಕೇ ಮುಗಿದಿತ್ತು, ಅದೂ ಮೂಲೆಯಲ್ಲಿ. ಗೋಡೆಗೆ ಬಡಿದ ಗಾಳಿ ಸುತ್ತು ತಿರುಗುವ ಜಾಗವೇ ಅದು.

ಕಮೋಡಿನ ಬೆಂಡ್‌ನಲ್ಲಿ (ಇದಕ್ಕೇ ಟ್ರ್ಯಾಪ್ ಅನ್ನುತ್ತೇವೆ) ನಿಲ್ಲುವ ಸುಮಾರು ಎರಡು ಇಂಚು ನೀರೇ ಗಟಾರದ ವಾಸನೆಯನ್ನು ತಡೆಯುವ ಬಾಗಿಲು. ಪೈಪಿನ ಬಾಯಿ ಮೇಲೆ ಜೋರು ಗಾಳಿ ಹಾಯ್ದರೆ ಒಳಗಿನ ಗಾಳಿಯನ್ನು ಎಳೆಯುತ್ತದೆ, ಅದರ ಹಿಂದೆ ಬೆಂಡ್‌ನ ನೀರೂ ಏಳುತ್ತದೆ. ಗಾಳಿ ಬಿಟ್ಟ ಕೂಡಲೇ ಇಳಿಯುತ್ತದೆ. ಹೀಗೆ ತೂಗಾಡುವಾಗ ಸ್ವಲ್ಪ ಸ್ವಲ್ಪವೇ ನೀರು ಆಚೆ ಪೈಪಿಗೆ ಚೆಲ್ಲುತ್ತದೆ. ಚೆಲ್ಲಿದ್ದು ವಾಪಸ್ ಬರುವುದಿಲ್ಲ.

"ಹಂಗಾದ್ರ ಅದಕ್ಕೊಂದು ಮುಚ್ಚಳ ಹಾಕಿಬಿಡು" ಎಂದರು ಅಮ್ಮ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಫ್ಲಶ್ ಮಾಡಿದಾಗ ಕೆಳಗೆ ಓಡುವ ನೀರಿಗೆ ಹಿಂದಿನಿಂದ ಗಾಳಿ ಬೇಕು. ಮೇಲಿಂದ ಸಿಗದಿದ್ದರೆ ಹತ್ತಿರದ ಟ್ರ್ಯಾಪ್‌ಗಳ ನೀರನ್ನೇ ಎಳೆದುಕೊಳ್ಳುತ್ತದೆ. ವಾಸನೆ ಇನ್ನೂ ಜಾಸ್ತಿ ಆಗುತ್ತದೆ.

ಕಪ್ಲರ್ ಹಾಕಿ ಪೈಪನ್ನು ಪ್ಯಾರಪೆಟ್‌ಗಿಂತ ಎರಡು ಅಡಿ ಮೇಲೆ ಒಯ್ದೆ. ತುದಿಗೆ ಕೌಲ್, ಅಂದರೆ ಗಾಳಿ ಆಡುವ ತೂತುಗಳಿರುವ ಟೋಪಿ, ಕೂರಿಸಿದೆ. ಅದಕ್ಕೆ ಪೈಪ್ ಅಂಟಿಸುವ ಸೊಲ್ಯೂಷನ್ ಹಚ್ಚಲಿಲ್ಲ, ಸ್ಕ್ರೂ ಬಿಗಿದೆ. ಎಲೆ, ಹಕ್ಕಿಗೂಡು ಸಿಕ್ಕಿದರೆ ಬಿಚ್ಚಿ ತೆಗೆಯಬೇಕಲ್ವಾ? ಉದ್ದವಾದ ಪೈಪ್ ಗಾಳಿಗೆ ಅಲುಗಾಡಿ ಜಾಯಿಂಟ್ ಬಿಡಬಾರದು ಅಂತ ಗೋಡೆಗೆ ಎರಡು ಕ್ಲಾಂಪ್ ಹೊಡೆದೆ.

ಅತಿಥಿಗಳ ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಟ್ರ್ಯಾಪ್) ಪೂರ್ತಿ ಒಣಗಿತ್ತು. ತಿಂಗಳುಗಟ್ಟಲೆ ಅಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ. ವಾರಕ್ಕೊಮ್ಮೆ ಎರಡು ತಂಬಿಗೆ ನೀರು ಹಾಕಿ ಅಂದೆ.

ಮೇಲಿದ್ದಾಗಲೇ ಟ್ಯಾಂಕಿನ ಮುಚ್ಚಳವನ್ನೂ ತಂತಿಯಿಂದ ಬಿಗಿದೆ. ಈ ಗಾಳಿಯಲ್ಲಿ ಟ್ಯಾಂಕ್ ಖಾಲಿ ಬಿಡಬಾರದು. ಅರ್ಧ ತುಂಬಿದ ಸಾವಿರ ಲೀಟರಿನ ಟ್ಯಾಂಕಿನಲ್ಲಿ ನೀರೇ 500 ಕೆಜಿ ಇರುತ್ತದೆ, ಅದು ಅಲುಗಾಡುವುದಿಲ್ಲ. ಖಾಲಿ ಟ್ಯಾಂಕ್ ಸರಿದರೆ ಕೆಳಗಿನ ಪೈಪ್ ಮುರಿಯುತ್ತದೆ.

ಹೊಸ ಗೆರೆ ಎಳೆದು ಬಂದೆ. ಮರುದಿನ ಸಂಜೆ ಅಮ್ಮನೇ ಫೋನ್ ಮಾಡಿದರು. ಜೋರು ಗಾಳಿಗೆ ನೀರು ಇನ್ನೂ ಸ್ವಲ್ಪ ನಡುಗುತ್ತದಂತೆ, ಆದರೆ ಗೆರೆ ಬಿಟ್ಟು ಇಳಿದಿಲ್ಲವಂತೆ.